ಕೊನೆಯುಸಿರಿಗೆ ಮುಂಚೆ ಮುಟ್ಟುವ ಲೆಕ್ಕ

"ಅಜ್ಜನಿಗೆ ತೀರಾ ಸೀರಿಯಸ್ಸು, ಬೇಗ ಹೊರಡಿ" ಎಂದು ಫೋನ್ ಬಂದ ಮೇಲೆ ಯಾರೂ ಪೆನ್ನು ಹಿಡಿದು ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಹಾಗಾಗಿ ಆ ಲೆಕ್ಕವನ್ನು ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗಲೇ ಮಾಡಿಟ್ಟುಕೊಳ್ಳಬೇಕು. ಕೊಡಗಿನವರಿಗಂತೂ ಇದು ತಪ್ಪಿದ್ದಲ್ಲ. ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ದೊಡ್ಡ ಆಸ್ಪತ್ರೆ ಮೈಸೂರಿನಲ್ಲೋ ಮಂಗಳೂರಿನಲ್ಲೋ. ಯಾವ ದಿಕ್ಕಿನಿಂದ ಹೊರಟರೂ ರಸ್ತೆಯೇ ಗತಿ, ಆ ರಸ್ತೆಯಲ್ಲಿ ತಿರುವು, ಮಂಜು, ಮಳೆ, ಒಮ್ಮೊಮ್ಮೆ ಆನೆ.

ಜೋರಾಗಿ ಓಡಿಸಿದರೆ ಬೇಗ ಮುಟ್ಟುತ್ತೇವೆ ಎಂಬುದರಲ್ಲಿ ಸುಳ್ಳಿಲ್ಲ. ಎಷ್ಟು ಬೇಗ ಎಂಬ ಅಂದಾಜಿನಲ್ಲಿ ಮಾತ್ರ ನಮ್ಮ ತಲೆ ಭಾರೀ ಮೋಸ ಹೋಗುತ್ತದೆ. ಬೆಂಗಳೂರು-ಮೈಸೂರು ದಶಪಥದ ಉದ್ದ ಸುಮಾರು 119 ಕಿ.ಮೀ. ಕಾರಿಗೆ ಅಲ್ಲಿನ ಮಿತಿ ಗಂಟೆಗೆ 100. ಇಡೀ ದಾರಿ 100ರಲ್ಲೇ ಹೋದರೆ 71 ನಿಮಿಷ, 120ರಲ್ಲಿ 60 ನಿಮಿಷ, 140ರಲ್ಲಿ 51 ನಿಮಿಷ. ಮೊದಲ ಇಪ್ಪತ್ತಕ್ಕೆ 11-12 ನಿಮಿಷ ಸಿಕ್ಕಿತು, ಎರಡನೇ ಇಪ್ಪತ್ತಕ್ಕೆ ಬರೀ 9. ಅದೇ ಹತ್ತು ಕಿಲೋಮೀಟರ್ ಕೆಟ್ಟ ರಸ್ತೆಯಲ್ಲಿ 20ರ ಬದಲು 30ರಲ್ಲಿ ಸಾಗಲು ಸಾಧ್ಯವಾದರೆ ಹತ್ತು ನಿಮಿಷ ಉಳಿಯುತ್ತದೆ. ಒಳ್ಳೆಯ ರಸ್ತೆಯ ಹತ್ತು ಕಿಲೋಮೀಟರ್‌ನಲ್ಲಿ 80ನ್ನು 100 ಮಾಡಿದರೆ ಉಳಿಯುವುದು ಒಂದೂವರೆ ನಿಮಿಷ. ಸಮಯ ಇರುವುದು ನಿಧಾನದ ತುಣುಕುಗಳಲ್ಲಿ, ನಾವು ಅದನ್ನು ಹುಡುಕುವುದು ವೇಗದ ತುಣುಕುಗಳಲ್ಲಿ.

ಈ ಭ್ರಮೆಯನ್ನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಲಾ ಸ್ವೆನ್ಸನ್ 1970ರ ದಶಕದಿಂದಲೇ ಅಧ್ಯಯನ ಮಾಡುತ್ತಾ ಬಂದರು. ಕಡಿಮೆ ವೇಗವನ್ನು ಹೆಚ್ಚಿಸಿದಾಗ ಉಳಿಯುವ ಸಮಯವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ, ಹೆಚ್ಚು ವೇಗವನ್ನು ಇನ್ನೂ ಹೆಚ್ಚಿಸಿದಾಗ ಉಳಿಯುವುದನ್ನು ಅತಿಯಾಗಿ ಅಂದಾಜು ಮಾಡುತ್ತಾರೆ. ತಪ್ಪಿನ ಬೇರು ಡ್ಯಾಶ್‌ಬೋರ್ಡಿನಲ್ಲೇ ಇದೆ. ಸ್ಪೀಡೋಮೀಟರ್ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಹೇಳುತ್ತದೆ, ನಮಗೆ ಬೇಕಾಗಿರುವುದು ಹತ್ತು ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬುದು. ಹಾಗೆ ತೋರಿಸುವ ಮೀಟರನ್ನು ಸಂಶೋಧಕರು ಪ್ರಯೋಗಕ್ಕೆ ಒಡ್ಡಿಯೂ ಇದ್ದಾರೆ, ಅದನ್ನು ನೋಡಿದವರ ಅಂದಾಜು ಸುಧಾರಿಸಿತ್ತು. ಕಾರು ಕಂಪನಿಗಳು ಇದನ್ನು ಯಾಕೆ ಕೊಡುವುದಿಲ್ಲವೋ ಗೊತ್ತಿಲ್ಲ. ಹತ್ತು ಕಿಲೋಮೀಟರಿಗೆ 5 ನಿಮಿಷ, 4.3 ನಿಮಿಷ ಎಂದು ಕಂಡರೆ ಆಕ್ಸಿಲರೇಟರ್ ತುಳಿಯುವ ಉಮೇದು ತಾನಾಗಿ ಇಳಿಯುತ್ತಿತ್ತು.

ಮೈಸೂರು ದಾಟಿದ ಮೇಲೆ ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ. ಊರು ಬಂದಾಗೆಲ್ಲ ಹಂಪ್ಸ್, ಆನೆಕಾಡಿನಲ್ಲಿ ನಿಜವಾದ ಆನೆಯ ಭಯ, ಆಮೇಲೆ ಏರು. ನೂರಿಪ್ಪತ್ತು ಕಿಲೋಮೀಟರ್ ದಾರಿಯ ಅರ್ಧವನ್ನು 40ರಲ್ಲಿ, ಇನ್ನರ್ಧವನ್ನು ಪ್ರಾಣ ಒತ್ತೆಯಿಟ್ಟು 120ರಲ್ಲಿ ಓಡಿಸಿದರೂ ಸರಾಸರಿ 80 ಆಗುವುದಿಲ್ಲ, 60 ಆಗುತ್ತದೆ. ನಿಧಾನದ ಅರ್ಧವೇ ಒಂದೂವರೆ ಗಂಟೆ ತಿಂದಿರುತ್ತದೆ. ಬಸ್ಸಿನ ಹಿಂದೆ ಮೂರು ಕಿಲೋಮೀಟರ್ ಸಿಕ್ಕಿಹಾಕಿಕೊಂಡು 45ರ ಬದಲು 30ರಲ್ಲಿ ತೆವಳಿದರೆ ಆಗುವ ನಷ್ಟ ಎರಡು ನಿಮಿಷ. 40ರಲ್ಲಿ ಹೋಗುವ ಬಸ್ಸನ್ನು 60ರಲ್ಲಿ ಹಿಂದಿಕ್ಕಲು ಆರೇಳು ಸೆಕೆಂಡು ಬೇಕು. ಅಷ್ಟರಲ್ಲಿ ನಾವು 110 ಮೀಟರ್ ಮುಂದೆ ಹೋಗಿರುತ್ತೇವೆ, ಎದುರಿನ ಜೀಪು 50ರಲ್ಲಿದ್ದರೆ ಅದು 90 ಮೀಟರ್ ನಮ್ಮ ಕಡೆ ಬಂದಿರುತ್ತದೆ. ಇನ್ನೂರು ಮೀಟರ್ ಕಣ್ಣಿಗೆ ಕಾಣುವ ನೇರ ರಸ್ತೆ ಘಾಟಿಯಲ್ಲಿ ಎಲ್ಲಿದೆ?

ಈಗ ಮಡಿಕೇರಿಯಿಂದ ಕೆಳಗೆ, ಮಂಗಳೂರಿನ ಆಸ್ಪತ್ರೆಗೆ ಹೊರಟವರ ವಿಷಯ. ಮಡಿಕೇರಿಯಿಂದ ಘಾಟಿಯ ಬುಡದ ಸಂಪಾಜೆಗೆ ಇಪ್ಪತ್ತೇಳು ಕಿಲೋಮೀಟರಿನ ಆಸುಪಾಸು, ಇಳಿಯುವುದು ಸುಮಾರು ಸಾವಿರ ಮೀಟರ್. ಐದು ಜನ ಕೂತ ಕಾರಿನ ತೂಕ 1500 ಕೆ.ಜಿ. ಎಂದುಕೊಳ್ಳಿ. ಅಷ್ಟು ತೂಕ ಅಷ್ಟು ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1.47 ಕೋಟಿ ಜೂಲ್, ಬಚ್ಚಲಿನ ಹಂಡೆಯಲ್ಲಿ 45 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸುವಷ್ಟು. ಟೈರಿನ ಉಜ್ಜುವಿಕೆ, ಗಾಳಿಯ ತಡೆ ಇದರಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತವೆ. ಮಿಕ್ಕಿದ್ದನ್ನು ಎಂಜಿನ್ ನುಂಗಬೇಕು, ಇಲ್ಲವೇ ಬ್ರೇಕ್ ನುಂಗಬೇಕು. ಬ್ರೇಕ್ ಎಂದರೆ ಮುಂದಿನ ಚಕ್ರಗಳ ಎರಡು ಕಬ್ಬಿಣದ ಡಿಸ್ಕು, ಹಿಂದೆ ಎರಡು ಡ್ರಮ್ಮು, ಅಷ್ಟೇ.

ಅವಸರದ ಡ್ರೈವರ್ ಏನು ಮಾಡುತ್ತಾನೆ? ಎರಡು ತಿರುವಿನ ನಡುವೆ 70ಕ್ಕೆ ಏರಿಸುತ್ತಾನೆ, ಹೇರ್‌ಪಿನ್ ಬಂದಾಗ 25ಕ್ಕೆ ಇಳಿಸುತ್ತಾನೆ. ಒಂದೊಂದು ಸಲವೂ ಬ್ರೇಕಿಗೆ ಬೀಳುವ ಶಾಖ ಸುಮಾರು 2.5 ಲಕ್ಷ ಜೂಲ್. ಸಮಾಧಾನದವನು 45ರಿಂದ 25ಕ್ಕೆ ಇಳಿಸಿದರೆ 80 ಸಾವಿರ. ವೇಗದ ವ್ಯತ್ಯಾಸ ಕಣ್ಣಿಗೆ ಒಂದೂವರೆ ಪಟ್ಟು, ಡಿಸ್ಕಿಗೆ ಮೂರು ಪಟ್ಟು, ಏಕೆಂದರೆ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. ಇಳಿಜಾರು ಕೊಟ್ಟ ಶಕ್ತಿ ಸಾಲದೆಂಬಂತೆ ಪೆಟ್ರೋಲಿನ ಶಕ್ತಿಯನ್ನೂ ಅದೇ ಡಿಸ್ಕಿಗೆ ಸುರಿದಂತಾಯಿತು. ಇಷ್ಟೆಲ್ಲ ಮಾಡಿ ಘಾಟಿಯ ಸರಾಸರಿ 35 ಇದ್ದದ್ದು 40 ಆದರೆ ಉಳಿಯುವುದು ಹೆಚ್ಚೆಂದರೆ ಆರು ನಿಮಿಷ.

ಡಿಸ್ಕ್ ಹಲವು ನೂರು ಡಿಗ್ರಿ ಕಾದಾಗ ಎರಡು ಬಗೆಯಲ್ಲಿ ಬ್ರೇಕ್ ಕೈಕೊಡುತ್ತದೆ. ಮೊದಲನೆಯದು ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿನದು: ಅದರಲ್ಲಿರುವ ರಾಳ ಸುಟ್ಟು ಅನಿಲ ಹೊರಡುತ್ತದೆ, ಹಿಡಿತ ಜಾರುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ಮಾತ್ರ ಕೇಳುವುದಿಲ್ಲ. ಸುಟ್ಟ ವಾಸನೆ ಮೊದಲೇ ಮುನ್ಸೂಚನೆ ಕೊಟ್ಟಿರುತ್ತದೆ. ಎರಡನೆಯದು ಬ್ರೇಕ್ ಆಯಿಲ್‌ನದು, ಇದು ಹೇಳದೆ ಕೇಳದೆ ಬರುತ್ತದೆ. ಬ್ರೇಕ್ ಆಯಿಲ್ ಹೆಸರಿಗೆ ಆಯಿಲ್, ಅಸಲಿಗೆ ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವವನ್ನು ಹೀರುತ್ತಾ ಹೋಗುವುದು ಅದರ ಗುಣ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಎಂಬುದು ಮಾನದಂಡ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಕುಸಿಯುತ್ತದೆ. ಡಾಟ್ 4ರಲ್ಲಿ ಇದೇ ಅಂಕಿಗಳು 230 ಮತ್ತು 155. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಂಥ ಊರಲ್ಲಿ ನಾಲ್ಕೈದು ವರ್ಷ ಬದಲಿಸದ ಬ್ರೇಕ್ ಆಯಿಲ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ದ್ರವ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗುಳ್ಳೆಯನ್ನು ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿದು ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ.

ಇದರಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ಗಾಡಿ ಓಡುತ್ತಿರುವಾಗ ಗಾಳಿ ಬಡಿದು ಡಿಸ್ಕ್ ಅಷ್ಟಿಷ್ಟು ತಣಿಯುತ್ತಿರುತ್ತದೆ. ಘಾಟಿ ಇಳಿದು ಚಹಾಕ್ಕೆಂದು ಐದು ನಿಮಿಷ ನಿಲ್ಲಿಸಿದಾಗ ಗಾಳಿ ನಿಂತು, ಡಿಸ್ಕಿನ ಕಾವು ಪ್ಯಾಡಿನ ಮೂಲಕ ಅದನ್ನು ಒತ್ತುವ ಕ್ಯಾಲಿಪರಿಗೂ ಅಲ್ಲಿಂದ ದ್ರವಕ್ಕೂ ಇಳಿಯುತ್ತದೆ. ಇಳಿಯುವಾಗ ಸರಿಯಿದ್ದ ಬ್ರೇಕ್, ಹೊರಟ ಮೊದಲ ತಿರುವಿನಲ್ಲಿ ಇಲ್ಲವಾಗಬಹುದು. ಆದ್ದರಿಂದ ನಿಂತು ಹೊರಡುವ ಮೊದಲು ಪೆಡಲ್ ತುಳಿದು ನೋಡಿ. ಕಾದ ಡಿಸ್ಕಿಗೆ ನೀರು ಎರಚಬೇಡಿ, ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಪೆಡಲ್ ಮೆತ್ತಗಾದರೆ ಬಿಟ್ಟು ಬಿಟ್ಟು ಪಂಪ್ ಮಾಡುತ್ತಾ ಗೇರನ್ನು ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಕೇಬಲ್ಲಿನ ಹ್ಯಾಂಡ್‌ಬ್ರೇಕಿಗೆ ದ್ರವದ ಹಂಗಿಲ್ಲ.

ಇವೆಲ್ಲಕ್ಕಿಂತ ಸುಲಭದ ಉಪಾಯ ಗೇರ್. ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಎಂಬ ಹಳೇ ಲಾರಿ ಡ್ರೈವರುಗಳ ಮಾತಿನಲ್ಲಿ ಭೌತಶಾಸ್ತ್ರ ಪೂರ್ತಿ ಅಡಗಿದೆ. ಎರಡನೇ ಗೇರಿನಲ್ಲಿ ಕಾಲು ತೆಗೆದರೆ ಈಗಿನ ಎಂಜಿನ್‌ಗಳಿಗೆ ಇಂಧನವೇ ಹೋಗುವುದಿಲ್ಲ. ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗಿ ಬಂದು ಗಾಡಿಯ ವೇಗ ಹಿಡಿತದಲ್ಲಿ ಉಳಿಯುತ್ತದೆ. ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್‌ಗೆ ಹಾಕಿ ಇಳಿಯುವವರು ಈ ಸಹಾಯವನ್ನು ಬಿಸಾಡಿ ಬ್ರೇಕೊಂದನ್ನೇ ನಂಬಿ ಕೂತವರು. ಆಟೊಮ್ಯಾಟಿಕ್ ಕಾರಿನವರು ಲೋ ಗೇರನ್ನೋ ಮ್ಯಾನುಯಲ್ ಮೋಡನ್ನೋ ಹಾಕಿಕೊಳ್ಳಬೇಕು.

ಮಳೆಗಾಲಕ್ಕೆ ಒಂದೇ ಲೆಕ್ಕ ಸಾಕು. ಒದ್ದೆ ರಸ್ತೆಯ ಹಿಡಿತ (ಘರ್ಷಣೆಯ ಗುಣಾಂಕ) 0.4, ಡ್ರೈವರ್ ಎಚ್ಚೆತ್ತು ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡು ಎಂದಿಟ್ಟುಕೊಳ್ಳಿ. ತಿರುವಿನಾಚೆ ರಸ್ತೆಗೆ ಅಡ್ಡ ಬಿದ್ದ ಮರ ಕಂಡಿತು. 60ರಲ್ಲಿದ್ದ ಕಾರು 60 ಮೀಟರ್ ಸಾಗಿ ನಿಲ್ಲುತ್ತದೆ. 80ರಲ್ಲಿದ್ದ ಕಾರು ಅದೇ ಜಾಗಕ್ಕೆ ಬಂದಾಗ ಅದರ ವೇಗ ಎಷ್ಟಿರಬಹುದು? ಬಹಳ ಜನ 20 ಎನ್ನುತ್ತಾರೆ. ಸರಿಯಾದ ಉತ್ತರ 60. ಮೂವತ್ತು ಮೀಟರ್ ತ್ರಿಜ್ಯದ ಸಮತಟ್ಟು ತಿರುವಿನಲ್ಲಿ ಒಣಗಿದಾಗ ಗಂಟೆಗೆ 50ರ ಆಸುಪಾಸಿನ ತನಕ ಟೈರು ಹಿಡಿದಿಟ್ಟುಕೊಂಡರೆ, ಒದ್ದೆಯಾದಾಗ 39ಕ್ಕೇ ಬಿಟ್ಟುಕೊಡುತ್ತದೆ. ಇನ್ನು ಹಜಾರ್ಡ್ ಲೈಟ್: ನಾಲ್ಕೂ ದೀಪ ಮಿಣುಕಿಸಿದರೆ ಆಂಬ್ಯುಲೆನ್ಸಿನ ಹಕ್ಕು ಸಿಕ್ಕಿತೆಂದು ನಂಬುವವರಿದ್ದಾರೆ. ಇದಕ್ಕೂ ನಿಂಬೆಹಣ್ಣು ಕಟ್ಟುವುದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ನಿಂಬೆಹಣ್ಣೇ ವಾಸಿ, ಅದು ಇಂಡಿಕೇಟರನ್ನು ಮರೆಮಾಡುವುದಿಲ್ಲ. ಘಾಟಿಯಲ್ಲಿ ಏರುವ ಗಾಡಿಗೆ ಮೊದಲ ದಾರಿ ಎಂಬ ನಿಯಮವೂ ಹಜಾರ್ಡ್ ಹಾಕಿದವರಿಗೆ ಬದಲಾಗುವುದಿಲ್ಲ.

ಗಾಡಿಗಿಂತ ಮೊದಲು ಕೈಕೊಡುವುದು ಡ್ರೈವರ್. ಆತಂಕ ಹೆಚ್ಚಿದಷ್ಟೂ ಗಮನಕ್ಕೆ ಬರುವ ಸುಳಿವುಗಳ ವ್ಯಾಪ್ತಿ ಕಿರಿದಾಗುತ್ತದೆ ಎಂದು ಈಸ್ಟರ್‌ಬ್ರೂಕ್ ಎಂಬ ಮನಶ್ಶಾಸ್ತ್ರಜ್ಞ 1959ರಲ್ಲಿ ವಾದಿಸಿದರು. ಮುಂದಿನ ಬಸ್ಸು ಕಾಣುತ್ತದೆ, ಬದಿಯ ಕಾಫಿ ತೋಟದ ಗೇಟಿನಿಂದ ಹೊರಬರುತ್ತಿರುವ ಬೈಕು ಕಾಣುವುದಿಲ್ಲ. ನಿದ್ದೆಯ ಸಂಗತಿ ಇನ್ನೂ ಕೆಟ್ಟದ್ದು. 1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಪ್ರಕಟಿಸಿದ ಪ್ರಯೋಗದಲ್ಲಿ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಆಲ್ಕೊಹಾಲ್ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ಕಾನೂನಿನ ಮಿತಿ ಶೇ. 0.03. ಬೆಳಿಗ್ಗೆ ಆರಕ್ಕೆ ಎದ್ದು ಆಫೀಸು ಮುಗಿಸಿದವನು ರಾತ್ರಿ ಹನ್ನೊಂದಕ್ಕೆ ಫೋನ್ ಬಂತೆಂದು ಸ್ಟೇರಿಂಗ್ ಹಿಡಿದರೆ, ಒಂದು ಹನಿ ಕುಡಿಯದೆಯೂ ಕಾನೂನಿನ ಗೆರೆ ದಾಟಿದವನಷ್ಟೇ ಮಂಕಾಗಿರುತ್ತಾನೆ.

ಇಷ್ಟೆಲ್ಲ ಯಾತಕ್ಕಾಗಿ? "ಜೀವ ಮಗನಿಗಾಗಿ ಕಾಯ್ತಾ ಇದೆ" ಎನ್ನುತ್ತಾರೆ. ತುಲಾ ಸಂಕ್ರಮಣದಲ್ಲಿ ತಂದಿಟ್ಟ ಕಾವೇರಿ ತೀರ್ಥವನ್ನು ಬಾಯಿಗೆ ಬಿಡುವವರೆಗೆ ಉಸಿರು ಹೋಗದು ಎಂಬ ನಂಬಿಕೆಯೂ ಇದೆ. ನಂಬಿಕೆಯ ಹಿಂದಿನ ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಾಯುವವರು ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಸಾವನ್ನು ಮುಂದೂಡಬಲ್ಲರೇ ಎಂದು ಸಂಶೋಧಕರು ಅಮೆರಿಕದ ಒಹಾಯೊದಲ್ಲಿ ಕ್ಯಾನ್ಸರಿನಿಂದ ಬಳಲುತ್ತಾ ತೀರಿಕೊಂಡ 3 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದಾಗ ಅಂಥ ಸುಳಿವೇನೂ ಸಿಗಲಿಲ್ಲ. ವೈದ್ಯರ ಅಂದಾಜೂ ಗಡಿಯಾರವಲ್ಲ. ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲ್ಯಾಮಂಟ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಯ ದಿನಗಳ ಆರೈಕೆಯಲ್ಲಿದ್ದ 468 ರೋಗಿಗಳ ಪೈಕಿ ಸುಮಾರು ಶೇ. 20ರಷ್ಟು ಮಂದಿಯ ವಿಷಯದಲ್ಲಿ ಮಾತ್ರ ವೈದ್ಯರ ಭವಿಷ್ಯ ನಿಖರವಾಗಿತ್ತು. ಉಸಿರು ಏರಿ, ಇಳಿದು, ನಿಂತು, ಮತ್ತೆ ಶುರುವಾಗುವ ಚೇಯ್ನ್-ಸ್ಟೋಕ್ಸ್ ಉಸಿರಾಟ ಕಂಡ ಮೇಲೂ ಕೆಲವೇ ಗಂಟೆ ಆಗಬಹುದು, ಒಂದೆರಡು ದಿನವೂ ಆಗಬಹುದು. ಗಂಟೆಗಳಲ್ಲೇ ಇಷ್ಟು ಏರುಪೇರಾಗುವ ಕಡೆ ಘಾಟಿಯಲ್ಲಿ ಉಳಿಸಿದ ಆರು ನಿಮಿಷ ಫಲಿತಾಂಶ ಬದಲಿಸುವ ಸಂಭವ ತೀರಾ ಕಮ್ಮಿ.

ಹಿಂದಿನವರಿಗೆ ಈ ಪೇಚಾಟ ಇರಲಿಲ್ಲ. ಕೊಡವರ ಮನೆಗಳಲ್ಲಿ ಸಾವಾದಾಗ ಜೋಡಿ ಗುಂಡು ಹಾರಿಸುವ ಪದ್ಧತಿ. ಶಬ್ದ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಸಾಗಿ ಪಕ್ಕದ ಐನ್‌ಮನೆಗಳಿಗೆ (ಕುಲದ ಮೂಲಮನೆಗಳಿಗೆ) ತಲುಪುತ್ತಿತ್ತು, ಅದರಾಚೆಗೆ ಸುದ್ದಿ ಹೋಗುತ್ತಿದ್ದುದು ಆಳಿನ ಕಾಲ್ನಡಿಗೆಯಲ್ಲಿ. ದೂರದವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಈಗ ಸುದ್ದಿ ಕ್ಷಣದಲ್ಲಿ ಬರುತ್ತದೆ, ದೇಹ ಮಾತ್ರ ಇನ್ನೂ ಸುಂಟಿಕೊಪ್ಪದ ಹಂಪ್ಸ್ ದಾಟಬೇಕು.

ನಿಮಿಷ ನಿಜವಾಗಿ ಸಿಗುವ ಜಾಗಗಳಿವೆ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಟ್ಯಾಂಕು ಅರ್ಧಕ್ಕಿಂತ ಇಳಿಯಲು ಬಿಡಬೇಡಿ, ರಾತ್ರಿ ಬಂಕ್ ಹುಡುಕುವುದು ತಪ್ಪುತ್ತದೆ. ಫಾಸ್ಟ್ಯಾಗ್‌ನಲ್ಲಿ ಹಣವಿರಲಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಲಿ. ಫೋನ್ ಯಾರಿಗೆ ಬಂತೋ ಅವರು ಓಡಿಸುವುದು ಬೇಡ, ನಿದ್ದೆ ಮಾಡಿ ಎದ್ದ ಇನ್ನೊಬ್ಬರು ಓಡಿಸಲಿ. ಘಾಟಿಯಲ್ಲಿ ಮಣ್ಣು ಕುಸಿದಿದೆಯೇ ಎಂದು ಹೊರಡುವ ಮೊದಲೇ ಕೇಳಿ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕುಸಿತದ ನಂತರ ಮಡಿಕೇರಿ-ಸಂಪಾಜೆ ದಾರಿಯೇ ಮುಚ್ಚಿತ್ತು. ಯಾವ ಗೇಟು, ಯಾವ ಮಹಡಿ, ಐಸಿಯು ಒಳಗೆ ಯಾರನ್ನು ಯಾವಾಗ ಬಿಡುತ್ತಾರೆ ಎಂಬುದನ್ನು ಅಲ್ಲಿರುವವರು ಕೇಳಿಟ್ಟು, ಒಬ್ಬರು ಗೇಟಿನಲ್ಲಿ ನಿಂತರೆ ಪಾರ್ಕಿಂಗ್ ಮತ್ತು ಲಿಫ್ಟಿನ ಹುಡುಕಾಟದಲ್ಲಿ ಹೋಗುವ ಕಾಲು ಗಂಟೆ ಉಳಿಯುತ್ತದೆ. ಇಡೀ ದಶಪಥದಲ್ಲಿ 120ರಲ್ಲಿ ಓಡಿ ಗಳಿಸುವುದಕ್ಕಿಂತ ಅದೇ ಹೆಚ್ಚು.

ಇನ್ನೊಂದು ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಅಧ್ಯಯನದಲ್ಲಿ, ಸಾವಿಗೆ ಕೆಲವೇ ಗಂಟೆ ಮೊದಲು, ಕರೆದರೂ ಸ್ಪಂದಿಸದ ಸ್ಥಿತಿಯಲ್ಲಿದ್ದ ಕೆಲವು ರೋಗಿಗಳ ಮೆದುಳು ಶಬ್ದಕ್ಕೆ ಆರೋಗ್ಯವಂತರ ಮೆದುಳಿನಂತೆಯೇ ಪ್ರತಿಕ್ರಿಯಿಸಿತ್ತು. ಮಾತು ಅರ್ಥವಾಯಿತೇ ಎಂಬುದನ್ನು ಅದು ಹೇಳಲಾರದು, ಶಬ್ದ ಒಳಗೆ ಹೋಯಿತೆಂದು ಮಾತ್ರ ಹೇಳುತ್ತದೆ. ಹಾಗಾಗಿ ಹೊರಡುವ ಮೊದಲೇ ಒಂದು ಕರೆ ಮಾಡಿ. ಅಲ್ಲಿರುವವರು ಶ್ರವಣಯಂತ್ರ ಇದ್ದರೆ ಕಿವಿಗೆ ಹಾಕಲಿ, ಆಮ್ಲಜನಕದ ಸದ್ದಿನ ನಡುವೆಯೂ ಕೇಳುವಂತೆ ಫೋನನ್ನು ಕಿವಿಯ ಹತ್ತಿರವೇ ಹಿಡಿಯಲಿ. ಹೆಸರು ಹೇಳಿ, ನಿಧಾನವಾಗಿ ಮಾತಾಡಿ. ಕೆಳಗೆ ಮಂಗಳೂರಿಗೆ ಹೊರಟವರಾದರೆ ಆ ಕರೆ ಮಡಿಕೇರಿ ಬಿಡುವ ಮುನ್ನ ಮುಗಿಯಲಿ, ಘಾಟಿಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ.