ಪೇಟೆಂಟ್ ಮುಗಿಯುವ ದಿನ ಗೊತ್ತು ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮದು ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕ. ಒಂದು ಭಾಗದ ಮೇಲೆ ಬೇರೆಯವರ ಪೇಟೆಂಟ್ ಇದೆ, ಗ್ರಾಂಟ್ (ಮಂಜೂರು) ಆಗಿದ್ದು 2014ರಲ್ಲಿ. ನಾವದನ್ನು ಮಾಡಬೇಕೆಂದರೆ 2034ರವರೆಗೆ ಕಾಯಬೇಕೇ?

ಉತ್ತರ: ಬೇಕಾಗಿಲ್ಲ. ಪೇಟೆಂಟ್‌ನ ಅವಧಿಯಾದ 20 ವರ್ಷವನ್ನು ಎಣಿಸುವುದು ಗ್ರಾಂಟ್ ಆದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ. ಪೇಟೆಂಟ್ ಕಾಯ್ದೆಯ 53ನೇ ಸೆಕ್ಷನ್ ಹೇಳುವುದು ಇದನ್ನೇ. ಅರ್ಜಿ 2007ರದ್ದಾಗಿದ್ದರೆ 2027ಕ್ಕೆ ಮುಗಿಯಿತು. ಕಚೇರಿಯಲ್ಲಿ ಕಡತ ಕೊಳೆತ ವರ್ಷಗಳೆಲ್ಲ ಆ 20ರಲ್ಲೇ ಕಳೆದುಹೋಗುತ್ತವೆ, ನಷ್ಟ ಪೇಟೆಂಟ್‌ದಾರರಿಗೇ. ಅಮೆರಿಕದಂತೆ ಇಲ್ಲಿ ಅವಧಿ ವಿಸ್ತರಿಸುವುದಿಲ್ಲ.

ಹೊರದೇಶದ ಕಂಪನಿಯ ಪೇಟೆಂಟ್ ಆದರೆ ಸ್ವಲ್ಪ ಎಚ್ಚರ ಬೇಕು. ಅದರಲ್ಲಿ ಮೂರು ದಿನಾಂಕ ಕಾಣಬಹುದು: ಪ್ರಯಾರಿಟಿ (ಮೊಟ್ಟಮೊದಲ ಅರ್ಜಿ ಹಾಕಿದ ದಿನ), ಅಂತರರಾಷ್ಟ್ರೀಯ ಅರ್ಜಿ (ಹಲವು ದೇಶಗಳಿಗೆ ಸೇರಿಸಿ ಹಾಕಿದ್ದು), ಭಾರತಕ್ಕೆ ಬಂದ ಅರ್ಜಿ. ಎಣಿಕೆಗೆ ಬರುವುದು ನಡುವಿನದು. ಮಧುಮೇಹ, ತೂಕ ಇಳಿಕೆಗೆ ಕೊಡುವ ಸೆಮಾಗ್ಲುಟೈಡ್ ಔಷಧಿಯನ್ನೇ ನೋಡಿ. ಪ್ರಯಾರಿಟಿ 2005ರ ಮಾರ್ಚ್‌ನದು, ಅಂತರರಾಷ್ಟ್ರೀಯ ಅರ್ಜಿ 2006ರ ಮಾರ್ಚ್ 20ರದು. ಹಾಗಾಗಿ ಇಲ್ಲಿ ಅದರ ಗಡುವು 2026ರ ಮಾರ್ಚ್ 20. ಅದೇ ಔಷಧಿಗೆ ಅಮೆರಿಕದಲ್ಲಿ 2030 ದಾಟಿಯೂ ರಕ್ಷಣೆ ಇದೆ. ಕೆನಡಾದಲ್ಲಿ ಕಂಪನಿ ವಾರ್ಷಿಕ ಶುಲ್ಕ ಕಟ್ಟಲಿಲ್ಲ, ಪೇಟೆಂಟ್ ಎಷ್ಟೋ ಮೊದಲೇ ಬಿದ್ದುಹೋಯಿತು. ಅಷ್ಟು ದುಡ್ಡಿರುವ ಕಂಪನಿಗೇ ಹೀಗಾಗುತ್ತದೆ ನೋಡಿ.

ನಮ್ಮಲ್ಲೂ ಹಾಗೆಯೇ. ಮೂರನೇ ವರ್ಷದಿಂದ ಪ್ರತಿ ವರ್ಷದ ನವೀಕರಣ ಶುಲ್ಕ ಕಟ್ಟುತ್ತಿರಬೇಕು. ಗಡುವು ತಪ್ಪಿದರೆ ದಂಡ ತೆತ್ತು ಆರು ತಿಂಗಳೊಳಗೆ ಕಟ್ಟಬಹುದು. ಅದೂ ಮೀರಿದರೆ ಪೇಟೆಂಟ್ ರದ್ದಾದಂತೆ. ಎಷ್ಟೋ ಪೇಟೆಂಟುಗಳು 20 ವರ್ಷ ಬಾಳುವುದೇ ಇಲ್ಲ, ಸರಕು ಮಾರಾಟವಾಗದಿದ್ದರೆ ಮಾಲೀಕರೇ ಶುಲ್ಕ ನಿಲ್ಲಿಸಿಬಿಡುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿಬಿಡಬಹುದು. ಆದರೆ ರದ್ದಾಗಿದೆ ಎಂದು ಕಂಡ ಮಾತ್ರಕ್ಕೆ ಅಚ್ಚು ಹಾಕಿಸಲು ಓಡಬೇಡಿ. ರದ್ದಾದ ದಿನದಿಂದ 18 ತಿಂಗಳೊಳಗೆ, ಬೇಕೆಂದು ಬಿಟ್ಟಿದ್ದಲ್ಲ ಎಂದು ಒಪ್ಪಿಸಿ ಅದನ್ನು ಮತ್ತೆ ಜೀವಂತಗೊಳಿಸಿಕೊಳ್ಳಲು ಅವಕಾಶ ಇದೆ. ಆ ಗಡುವು ಕಳೆದ ಮೇಲೂ ಅರ್ಜಿ ಬಾಕಿ ಇಲ್ಲವೆಂದು ಖಚಿತಪಡಿಸಿಕೊಂಡೇ ಬಂಡವಾಳ ಹಾಕಿ.

ಇದನ್ನೆಲ್ಲ ನೋಡಲು ದುಡ್ಡು ಕೊಡಬೇಕಿಲ್ಲ. ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಅರ್ಜಿ ಸಂಖ್ಯೆ ಹಾಕಿ ಇ-ರಿಜಿಸ್ಟರ್ ತೆರೆಯಿರಿ. 'ಡೇಟ್ ಆಫ್ ಪೇಟೆಂಟ್' ಎಂದಿರುವ ದಿನಾಂಕಕ್ಕೆ 20 ಸೇರಿಸಿ, ಕೆಳಗೆ ಯಾವ ವರ್ಷದವರೆಗೆ ಶುಲ್ಕ ಕಟ್ಟಿದ್ದಾರೆಂದು ನೋಡಿ.

ಒಂದೇ ವಸ್ತುವಿನ ಮೇಲೆ ಎರಡು ಮೂರು ಪೇಟೆಂಟ್ ಇರುವುದೂ ಉಂಟು. ಸೆಮಾಗ್ಲುಟೈಡ್‌ಗೇ ಇನ್ನೂ ವಿಶಾಲವಾದ ಹಳೆಯ ಪೇಟೆಂಟ್ ಒಂದಿತ್ತು, ಅದು ಇಲ್ಲಿ 2024ರಲ್ಲೇ ಮುಗಿಯಿತು. ಹಾಗಾಗಿ ನಿಮ್ಮ ಭಾಗದ ಪೇಟೆಂಟ್‌ದಾರರ ಹೆಸರಿನಲ್ಲಿ ಬೇರೆ ಏನೇನಿದೆ ಎಂದೂ ಹುಡುಕಿ. ಕ್ಲೇಮುಗಳನ್ನು (ಪೇಟೆಂಟ್‌ನ ಹಕ್ಕು ಎಲ್ಲಿಯವರೆಗೆ ಎಂದು ಹೇಳುವ ಸಾಲುಗಳನ್ನು) ಓದಿ ನಿಮ್ಮ ಭಾಗ ಅವುಗಳೊಳಗೆ ಬರುತ್ತದೋ ಇಲ್ಲವೋ ಎಂದು ಹೇಳುವ ಕೆಲಸವನ್ನು ಪೇಟೆಂಟ್ ಏಜೆಂಟರಿಗೆ ಬಿಡಿ, ಅಲ್ಲಿ ಜಿಪುಣತನ ಬೇಡ.

ಕೊನೆಗೆ, ಗಡುವಿಗೆ ಮೊದಲೇ ತಯಾರಿಸಿ ಗೋದಾಮಿನಲ್ಲಿಟ್ಟು ಮರುದಿನ ಮಾರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸರ್ಕಾರದ ಪರವಾನಗಿಗೆ ಬೇಕಾದ ಮಾಹಿತಿಗಾಗಿ ತಯಾರಿಸಲು ಔಷಧಿ ಕಂಪನಿಗಳಿಗೆ ವಿನಾಯಿತಿ ಇದೆ. ಮಾರಲೆಂದು ದಾಸ್ತಾನು ಮಾಡುವುದಕ್ಕಿಲ್ಲ, ಮಾರದಿದ್ದರೂ ತಯಾರಿಸಿದ್ದೇ ಉಲ್ಲಂಘನೆ.