ಒಂದು, ಒಬ್ಬ, ಮೂವರು: ತ್ರಿತ್ವವನ್ನು ಕನ್ನಡದಲ್ಲಿ ಕಲಿಸುವಾಗ

ದೃಢೀಕರಣದ (ದೀಕ್ಷಾಸ್ನಾನದ ನಂಬಿಕೆಯನ್ನು ಮಕ್ಕಳು ತಾವೇ ಒಪ್ಪಿಕೊಳ್ಳುವ ವಿಧಿಯ) ತರಗತಿಯಲ್ಲಿ ತ್ರಿತ್ವದ ಪಾಠ, ಅಂದರೆ ತಂದೆ, ಮಗನಾದ ಯೇಸು, ಪವಿತ್ರಾತ್ಮ ಎಂದು ಮೂವರು, ಆದರೂ ದೇವರು ಒಬ್ಬನೇ ಎಂಬ ಪಾಠ, ಬಂದ ಕೂಡಲೇ ಮಕ್ಕಳು ಎತ್ತುವ ಪ್ರಶ್ನೆ ಲೆಕ್ಕದ್ದು: ಒಂದಕ್ಕೆ ಒಂದು, ಮತ್ತೊಂದು ಕೂಡಿದರೆ ಮೂರಾಗಬೇಕಲ್ಲ? ಬಳ್ಳಾರಿ, ರಾಯಚೂರು, ಕೊಪ್ಪಳದ ಸಭೆಗಳಲ್ಲಿ ಕಲಿಸುವ ಹಲವರು ಆಗ ಥಟ್ಟನೆ ನೀರು, ಮಂಜುಗಡ್ಡೆ, ಹಬೆ ಎಂದುಬಿಡುತ್ತಾರೆ. ಎಡವುವುದು ಅಲ್ಲೇ. ಹೋಲಿಕೆಗೆ ಕೈ ಹಾಕುವ ಮೊದಲು ವ್ಯಾಕರಣ ಹಿಡಿಯಬೇಕು. ಈ ವಿಷಯದಲ್ಲಿ ನಮ್ಮ ಕನ್ನಡ ಇಂಗ್ಲಿಷಿಗಿಂತ ವಾಸಿ.

ಇಂಗ್ಲಿಷಿನಲ್ಲಿ ಕಲ್ಲು ಎಣಿಸಲಿಕ್ಕೂ ಮನುಷ್ಯರನ್ನು ಎಣಿಸಲಿಕ್ಕೂ ಒಂದೇ ಪದ. ನಾವು ಮೂರು ಚೀಲ ಎನ್ನುತ್ತೇವೆ, ಮೂವರು ಹಮಾಲರು ಎನ್ನುತ್ತೇವೆ. ಒಂದು ಹೊಲ, ಒಬ್ಬ ರೈತ. ಯೋಹಾನ 10:30 ತೆಗೆಸಿ: "ನಾನೂ ತಂದೆಯೂ ಒಂದಾಗಿದ್ದೇವೆ." ಮೂಲ ಗ್ರೀಕಿನಲ್ಲಿರುವುದು ನಪುಂಸಕಲಿಂಗದ 'ಹೆನ್' (ಒಂದು), ಪುಲ್ಲಿಂಗದ 'ಹೈಸ್' (ಒಬ್ಬ) ಅಲ್ಲ, ಕ್ರಿಯಾಪದ ಬಹುವಚನ. ಕನ್ನಡದಲ್ಲಿ ಎರಡೂ ಹಾಗೇ ಉಳಿದಿವೆ. 'ಒಬ್ಬನಾಗಿದ್ದೇನೆ' ಎಂದಿಲ್ಲ, 'ಒಂದಾಗಿದ್ದೇವೆ' ಎಂದಿದೆ. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಕೂತಾಗ, ಈ ಸೂಕ್ಷ್ಮಕ್ಕೆ ಬೇಕಾದ ಪದಗಳು ಭಾಷೆಯಲ್ಲಿ ಮೊದಲೇ ಇದ್ದವು.

ಹಾಗಾಗಿ ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆಯಿರಿ: 'ಏನು?' ಮತ್ತು 'ಯಾರು?' ದೇವರಲ್ಲಿ ಏನು ಎಂದರೆ ಒಂದು. ಯಾರು ಎಂದರೆ ಮೂವರು. ಒಂದೇ ಪ್ರಶ್ನೆಗೆ ಒಂದು ಎಂದೂ ಮೂರು ಎಂದೂ ಹೇಳಿದ್ದರೆ ಅದು ಸುಳ್ಳು ಲೆಕ್ಕವೇ ಆಗುತ್ತಿತ್ತು. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪರ ಸಭೆ ತಂದೆ ಮಗನ ನಡುವೆ ಈ 'ಏನು' ಒಂದೇ ಎಂದು ತೀರ್ಮಾನಿಸಿತು. ಅದಕ್ಕೆ ಬಳಸಿದ ಪದ 'ಹೊಮೊಊಸಿಯೊಸ್', ಒಂದೇ ಸತ್ವದವನು. ಆಮೇಲೆ ಕೆಲವರು ನಡುವೆ ಒಂದು 'ಇ' ಸೇರಿಸಿ 'ಹೊಮೊಇಊಸಿಯೊಸ್', ಅಂದರೆ ಅಂಥದ್ದೇ ಸತ್ವದವನು, ಎಂದರೆ ಸಾಕು ಎಂದು ವಾದಿಸಿದರು. ಮಗ ತಂದೆಗೆ 'ಸಮಾನ' ಎಂದಷ್ಟೇ ಕಲಿಸಿ ಬಿಟ್ಟರೆ ನಾವೂ ಆ 'ಇ' ಸೇರಿಸಿದ ಹಾಗೆಯೇ. ಎರಡು ನೋಟು ಸಮಾನ ಇರಬಹುದು, ಆದರೂ ಅವು ಎರಡೇ.

ಇಲ್ಲೊಂದು ತೊಡಕು ಮುಚ್ಚಿಡಬಾರದು. ಧರ್ಮೋಪದೇಶಕಾಂಡ 6:4 ದೇವರು ಒಬ್ಬನೇ ಎನ್ನುತ್ತದೆ. ಅಲ್ಲಿ 'ಒಬ್ಬ' ಬಂತಲ್ಲ ಎಂದು ಜಾಣ ಹುಡುಗಿ ಕೇಳಿಯೇ ಕೇಳುತ್ತಾಳೆ. ಮೂವರು ಹಮಾಲರಲ್ಲಿ ಮನುಷ್ಯತ್ವ ಒಂದೇ, ಆದರೂ ಅವರು ಮೂವರು ಮನುಷ್ಯರು. ಹಾಗಾದರೆ ಮೂವರು ದೇವರು ಯಾಕಲ್ಲ? 4ನೇ ಶತಮಾನದಲ್ಲಿ ನಿಸ್ಸದ ಬಿಷಪ್ ಗ್ರೆಗೊರಿ ಕೊಟ್ಟ ಉತ್ತರ ಇವತ್ತಿಗೂ ಗಟ್ಟಿ. ಹಮಾಲರು ಹೊರುವ ಚೀಲ ಬೇರೆ ಬೇರೆ, ಕೂಲಿಯೂ ಬೇರೆ ಬೇರೆ. ದೇವರ ಕೆಲಸ ಹಾಗೆ ಹಂಚಿಕೆಯಾಗುವುದಿಲ್ಲ. ಪ್ರತಿ ಕೆಲಸವೂ ತಂದೆಯಿಂದ ಹೊರಟು, ಮಗನ ಮೂಲಕ ಸಾಗಿ, ಪವಿತ್ರಾತ್ಮನಲ್ಲಿ ಪೂರ್ಣವಾಗುತ್ತದೆ. ಕೆಲಸ ಒಂದೇ ಆದ್ದರಿಂದ ದೇವರೂ ಒಬ್ಬನೇ. ತ್ರಿಮೂರ್ತಿಗಳಿಗೂ ಇದಕ್ಕೂ ಏನು ವ್ಯತ್ಯಾಸ ಎಂಬ ಪಕ್ಕದ ಮನೆಯವರ ಪ್ರಶ್ನೆಗೂ ಇಲ್ಲಿಂದಲೇ ಹೊರಡಬೇಕು. ಅಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕೆಲಸ ಮೂವರ ಹೆಸರಿನಲ್ಲಿದೆ. ಇಲ್ಲಿ ಸೃಷ್ಟಿ ಕೂಡ ತಂದೆಯೊಬ್ಬನದಲ್ಲ, ಯೋಹಾನ 1:3 ನೋಡಿ.

ಅಂದ ಹಾಗೆ, 'ದೇವರು' ಎಂಬ ಪದವೇ ಬಹುವಚನ, ಆದ್ದರಿಂದ ತ್ರಿತ್ವ ಎಂದು ವಾದಿಸಬೇಡಿ. ಅದು ಗೌರವದ 'ರು'. ಹಾಗೆ ಹೊರಟರೆ ಮೇಷ್ಟರೂ ಮೂವರಾಗುತ್ತಾರೆ.

ಇನ್ನು ಹೋಲಿಕೆಗಳು. ನೀರು, ಮಂಜುಗಡ್ಡೆ, ಹಬೆ ಯಾಕೆ ಕೆಡುತ್ತದೆ? ಅದೇ ನೀರು ಒಂದೇ ಹೊತ್ತಿಗೆ ಮೂರೂ ಆಗಿರುವುದಿಲ್ಲ. ಒಂದು ರೂಪ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. 3ನೇ ಶತಮಾನದಲ್ಲಿ ಸಬೆಲ್ಲಿಯುಸ್ ಎಂಬ ಬೋಧಕನ ಹೆಸರಿಗೆ ಅಂಟಿದ ತಪ್ಪು ಇದೇ: ಒಬ್ಬನೇ ಮೂರು ವೇಷದಲ್ಲಿ ಬರುತ್ತಾನೆ ಎಂಬುದು. ಮಕ್ಕಳಿಗೆ ತಿಳಿಸಲು ತೊಗಲುಗೊಂಬೆಯಾಟ ಸಾಕು; ಕೊಪ್ಪಳದ ಮೋರನಾಳದ ಕಲೆ ಈ ಸೀಮೆಯವರಿಗೆ ಗೊತ್ತಿದ್ದದ್ದೇ. ಪರದೆಯ ಮೇಲೆ ರಾಮ, ಲಕ್ಷ್ಮಣ, ರಾವಣ; ಹಿಂದೆ ಮಾತಾಡುವ ಗಂಟಲು ಒಂದೇ. ದೇವರು ಹಾಗಿದ್ದಿದ್ದರೆ ಮತ್ತಾಯ 3:16–17 ಬರೀ ನಾಟಕ: ನೀರಿನಿಂದ ಮೇಲೆ ಬಂದ ಮಗ, ಪಾರಿವಾಳದಂತೆ ಇಳಿದ ಆತ್ಮ, ಆಕಾಶದಿಂದ ತಂದೆಯ ದನಿ, ಎಲ್ಲ ಒಬ್ಬನದೇ ಕೈಚಳಕ. ಶಿಲುಬೆಗೆ ಮುನ್ನ ಗೆತ್ಸೆಮನೆ ತೋಟದಲ್ಲಿ ಮಗ ತಂದೆಗೆ ಮಾಡಿದ ಪ್ರಾರ್ಥನೆಯೂ ತನ್ನೊಡನೆ ತಾನೇ ಆಡಿಕೊಂಡ ಮಾತಾಗುತ್ತಿತ್ತು. ಮನೆಯಲ್ಲಿ ಅಪ್ಪ, ಅಂಗಡಿಯಲ್ಲಿ ಸಾಹುಕಾರ, ಊರಲ್ಲಿ ಮೆಂಬರ್ ಎಂಬ ಹೋಲಿಕೆಗೂ ಇದೇ ಗತಿ.

ಬಿಲ್ವದ ಮೂರು ದಳ, ಒಲೆಯ ಮೂರು ಗುಂಡು ಬೇರೆ ಕಡೆ ಮುರಿಯುತ್ತವೆ. ಒಂದು ದಳ ಇಡೀ ಪತ್ರೆಯಲ್ಲ, ಒಂದು ಗುಂಡಿನ ಮೇಲೆ ಗಡಿಗೆ ನಿಲ್ಲದು. ಮಗ ದೇವರ ಮೂರನೇ ಒಂದು ಪಾಲು ಅಲ್ಲ.

ಸೂರ್ಯ ಮತ್ತು ಬೆಳಕಿನದು ಮಾತ್ರ ಅರ್ಧ ದಾರಿ ಬರುತ್ತದೆ. ನೈಸಿಯದವರೇ 'ಬೆಳಕಿನಿಂದ ಬೆಳಕು' ಎಂದಿದ್ದಾರೆ. ಮಗ ಇಲ್ಲದಿದ್ದ ಕಾಲವೊಂದಿತ್ತು ಎಂಬುದು ನೈಸಿಯ ಸಭೆ ತಳ್ಳಿಹಾಕಿದ, ಅಲೆಕ್ಸಾಂಡ್ರಿಯದ ಪಾದ್ರಿ ಆರಿಯುಸನ ವಾದ. ಸೂರ್ಯ ಮೊದಲು ಇದ್ದು ಬೆಳಕು ಆಮೇಲೆ ಬಂತೇ? ಇಲ್ಲ. ಹೆಂಡತಿ ಇಲ್ಲದ ದೇವರಿಗೆ ಮಗ ಹೇಗೆ ಎಂದು ಮುಸಲ್ಮಾನ ಗೆಳೆಯರು ಕೇಳಿದಾಗಲೂ ಇದೇ ಉತ್ತರ: ಈ ಹುಟ್ಟು ಶರೀರದ್ದಲ್ಲ, ಕಾಲದೊಳಗಿನದೂ ಅಲ್ಲ. ಶಾಖವನ್ನು ಪವಿತ್ರಾತ್ಮನಿಗೆ ಹೋಲಿಸುವ ಆಸೆ ಮಾತ್ರ ಬೇಡ. ಬಳ್ಳಾರಿಯ ಬಿಸಿಲಿಗೆ ಎಷ್ಟೇ ಹೆಸರಿದ್ದರೂ ಬಿಸಿಲು ಮಾತಾಡುವುದಿಲ್ಲ.

ಪವಿತ್ರಾತ್ಮನ ವಿಷಯದಲ್ಲಿ ಕನ್ನಡವೇ ನಮ್ಮನ್ನು ಜಾರಿಸುತ್ತದೆ. 'ಆತ್ಮ' ನಪುಂಸಕವಾಗಿ ಓಡಾಡುವ ಪದ. ಆದ್ದರಿಂದ 'ಪವಿತ್ರಾತ್ಮ ಬಂತು, ಇಳೀತು' ಎಂದು ಪ್ರಾರ್ಥನೆಯಲ್ಲೇ ಬಂದುಬಿಡುತ್ತದೆ, ಕರೆಂಟು ಬಂದ ಹಾಗೆ. ಕಥೋಲಿಕರು 'ಪವಿತ್ರಾತ್ಮರು' ಎನ್ನುವ ರೂಢಿ ಇಟ್ಟುಕೊಂಡಿರುವುದರಿಂದ ಅವರಲ್ಲಿ ಈ ಜಾರುವಿಕೆ ಕಡಿಮೆ. ಗ್ರೀಕಿನಲ್ಲಿ ಆತ್ಮಕ್ಕಿರುವ ಪದ 'ಪ್ನ್ಯೂಮ' ಕೂಡ ನಪುಂಸಕವೇ, ಹಾಗಾಗಿ ಪ್ರತ್ಯಯ ತೋರಿಸಿ ವಾದ ಗೆಲ್ಲಲಾಗದು, ವಚನ ತೋರಿಸಿ. ಅಪೊಸ್ತಲರ ಕೃತ್ಯಗಳು 13:2ರಲ್ಲಿ ಆತ್ಮನು ಮಾತಾಡುತ್ತಾನೆ, ಎಫೆಸ 4:30ರಲ್ಲಿ ದುಃಖಪಡುತ್ತಾನೆ. 381ರ ಕಾನ್‌ಸ್ಟಾಂಟಿನೋಪಲ್ ಸಭೆ ತಂದೆ ಮಗನೊಡನೆ ಆರಾಧನೆ ಹೊಂದುವವನು ಎಂದು ನಂಬಿಕೆಯ ಪ್ರಮಾಣಕ್ಕೆ ಸೇರಿಸಿದ್ದು ಈ ಪವಿತ್ರಾತ್ಮನ ಬಗ್ಗೆಯೇ.

ಪಾಠ ತಲುಪಿದೆಯೋ ಇಲ್ಲವೋ ನೋಡಲು ಏಳು ವಾಕ್ಯ ಬರೆಸಿ: ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು, ತಂದೆ ಮಗನಲ್ಲ, ಮಗ ಪವಿತ್ರಾತ್ಮನಲ್ಲ, ಪವಿತ್ರಾತ್ಮ ತಂದೆಯಲ್ಲ, ದೇವರು ಒಬ್ಬನೇ. ಒಂದೊಂದನ್ನೇ ಒರೆಸಿ, ಏನು ಕೆಟ್ಟಿತು ಎಂದು ಕೇಳಿ. ಎರಡನೆಯದು ಹೋದರೆ ಆರಿಯುಸ್ ಬಂದ. 'ಅಲ್ಲ'ಗಳು ಹೋದರೆ ಸಬೆಲ್ಲಿಯುಸ್. ಕೊನೆಯದು ಹೋದರೆ ಮೂವರು ದೇವರು. ಹೊಸ ಹೋಲಿಕೆ ಯಾರೇ ತಂದರೂ ಈ ಏಳರ ಮುಂದೆ ನಿಲ್ಲಿಸಿ.

ನಿಜವಾದ ಪರೀಕ್ಷೆ ಮನೆಕೂಟದ ಬಾಯಿಪ್ರಾರ್ಥನೆಯಲ್ಲಿ ಆಗುತ್ತದೆ. 'ಪರಲೋಕದ ತಂದೆಯೇ' ಎಂದು ಶುರುವಾಗುತ್ತದೆ. ನಾಲ್ಕು ಮಾತು ದಾಟುವಷ್ಟರಲ್ಲಿ 'ನೀನು ನಮಗೋಸ್ಕರ ಶಿಲುಬೆಯ ಮೇಲೆ ಸತ್ತೆಯಲ್ಲಾ ತಂದೆಯೇ' ಎಂದಾಗುತ್ತದೆ. 3ನೇ ಶತಮಾನದಲ್ಲಿ ಕ್ರೈಸ್ತ ಲೇಖಕ ತೆರ್ತುಲ್ಲಿಯನ್, ತಂದೆ ಮಗ ಇಬ್ಬರೂ ಒಬ್ಬನೇ ಎಂದು ಕಲಿಸುತ್ತಿದ್ದ ಪ್ರಾಕ್ಸೆಯಸನ ಮೇಲೆ ಹರಿಹಾಯ್ದದ್ದು ಇದಕ್ಕೇ: ತಂದೆಯನ್ನೇ ಶಿಲುಬೆಗೆ ಹಾಕಿದೆ ಎಂದು. ಭಕ್ತಿಯಿಂದ ಆಡಿದವರನ್ನು ಕೂಟದಲ್ಲೇ ತಿದ್ದಿ ಮುಜುಗರ ಮಾಡಬೇಡಿ. ಮುಂದಿನ ವಾರ ಮೂರು ಪ್ರತ್ಯಯ ಕಲಿಸಿ: ತಂದೆ'ಗೆ', ಮಗನ 'ಮೂಲಕ', ಪವಿತ್ರಾತ್ಮನ'ಲ್ಲಿ'. ಬೇಡುವುದು ತಂದೆಗೆ, ಶಿಲುಬೆಯ ಮಾತು ಬಂದಾಗ 'ನಿನ್ನ ಮಗನನ್ನು ಕೊಟ್ಟೆಯಲ್ಲಾ' ಎನ್ನಲಿ. ಮಗನಿಗೇ ಮಾತಾಡಬೇಕೆನಿಸಿದರೆ 'ಯೇಸುವೇ' ಎಂದು ಬೇರೆ ಕರೆದು ಶುರುಮಾಡಲಿ, ಅದಕ್ಕೇನೂ ಅಡ್ಡಿಯಿಲ್ಲ.