ಆಟಗಾರರ ಪಗಾರದ ಜಗಳ ಮುಗಿದ ಮೇಲೆ ಪ್ರೇಕ್ಷಕರು ಮರಳಿ ಬರುತ್ತಾರೆಯೇ?

ಪ್ರಶ್ನೆ: ನಾನು ತೋರಣಗಲ್ಲಿನಲ್ಲಿ ಕೆಲಸ ಮಾಡುವವನು, ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಅಭಿಮಾನಿ. 2025ರಲ್ಲಿ ಆಟಗಾರರ ಪಗಾರ ನಿಂತ ಸುದ್ದಿ ಓದಿದಾಗಿನಿಂದ ಇದೊಂದನ್ನು ಕೇಳಬೇಕೆನಿಸಿದೆ. ದುಡ್ಡಿನ ಜಗಳಕ್ಕೆ ಆಟ ನಿಂತರೆ ಜನ ರೋಸಿಹೋಗಿ ಮೈದಾನದ ಕಡೆ ತಲೆ ಹಾಕುವುದನ್ನೇ ಬಿಡುತ್ತಾರೆ ಎನ್ನುತ್ತಾರೆ. ನಿಜವೇ?

ಉತ್ತರ: ಬಹುಮಟ್ಟಿಗೆ ನಿಜವಲ್ಲ. ಜನ ಸಿಟ್ಟಾಗುತ್ತಾರೆ, ಬೈಯುತ್ತಾರೆ, ಆದರೆ ಬಿಟ್ಟುಹೋಗುವವರು ಕಡಿಮೆ. ಹಕ್ಕು ಕೇಳುವ ಆಟಗಾರರ ಬಾಯಿ ಮುಚ್ಚಿಸಲು ಈ ಮಾತನ್ನು ಮತ್ತೆ ಮತ್ತೆ ಬಳಸುತ್ತಾರೆ. ಅದಕ್ಕೇ ಲೆಕ್ಕ ಹಾಕಿ ನೋಡಬೇಕು.

ಈ ಲೆಕ್ಕ ಚೆನ್ನಾಗಿ ಸಿಗುವುದು ಅಮೆರಿಕದಲ್ಲಿ. ಅಲ್ಲಿನ ಫುಟ್‌ಬಾಲ್ ನಮ್ಮದಲ್ಲ. ಉದ್ದನೆಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಎನ್‌ಎಫ್‌ಎಲ್ ಅದರ ಲೀಗ್. 1982ರ ಸೆಪ್ಟೆಂಬರ್‌ನಲ್ಲಿ, ಎರಡು ವಾರದ ಪಂದ್ಯಗಳಾದ ಕೂಡಲೇ, ಆಟಗಾರರ ಸಂಘ ಮುಷ್ಕರ ಹೂಡಿತು. ಒಟ್ಟು ಆದಾಯದಲ್ಲಿ ಶೇ 55ರಷ್ಟು ಪಾಲು ಬೇಕೆಂಬುದು ಅವರ ಬೇಡಿಕೆ. ಆಟ 57 ದಿನ ನಿಂತಿತು. ಪ್ರತಿ ತಂಡ ಆಡಬೇಕಿದ್ದ 16 ಪಂದ್ಯಗಳು 9ಕ್ಕೆ ಇಳಿದವು. ಅದರ ಹಿಂದಿನ ವರ್ಷ ಪಂದ್ಯವೊಂದಕ್ಕೆ ಸರಾಸರಿ 60,700ರಷ್ಟು ಜನ ಬಂದಿದ್ದರು. ಮುಷ್ಕರದ ವರ್ಷ ಸುಮಾರು 58,500, ಮರುವರ್ಷ 59,300. ಅಷ್ಟು ದೊಡ್ಡ ಜಗಳಕ್ಕೆ ಆದ ಇಳಿತ ಇಷ್ಟೇ.

1987ರ ಕಥೆ ಬೇರೆ. ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗಲು ಸ್ವಾತಂತ್ರ್ಯವಿರಬೇಕು ಎಂದು ಆಟಗಾರರು ಮತ್ತೆ ಮುಷ್ಕರಕ್ಕೆ ಇಳಿದರು. ಮಾಲೀಕರು ಈ ಸಲ ಒಂದು ವಾರದ ಪಂದ್ಯಗಳನ್ನಷ್ಟೇ ರದ್ದು ಮಾಡಿದರು. ಮುಂದಿನ ಮೂರು ವಾರ ಬದಲಿ ಆಟಗಾರರನ್ನು ಕರೆತಂದು, ಅದೇ ಅಂಗಿ ತೊಡಿಸಿ ಆಡಿಸಿದರು. ಅಕ್ಟೋಬರ್ 4ರಂದು ಫಿಲಡೆಲ್ಫಿಯಾದಲ್ಲಿ 65 ಸಾವಿರದಷ್ಟು ಜನ ಹಿಡಿಸುವ ಕ್ರೀಡಾಂಗಣಕ್ಕೆ ಬಂದವರು 4,074 ಮಂದಿ. ಅದು ಕಾರ್ಮಿಕ ಸಂಘಗಳು ಬಲವಾಗಿದ್ದ ಊರು. ಲಾರಿ ಚಾಲಕರ ಸಂಘದವರು ಆಟಗಾರರ ಪರವಾಗಿ ಗೇಟಿನೆದುರು ಬಂದು ನಿಂತಿದ್ದರು. ಮುಷ್ಕರ ನಡೆಯುವಾಗ ಗೇಟು ದಾಟಿ ಒಳಗೆ ಹೋಗುವುದೆಂದರೆ ಏನೆಂದು ಸಂಡೂರಿನ ಗಣಿಗಳಲ್ಲಿ, ಹಟ್ಟಿಯಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಖಾಲಿ ಗ್ಯಾಲರಿಯಲ್ಲಿ ಆಟಗಾರರ ಮೇಲಿನ ಸಿಟ್ಟಿಗಿಂತ ಅವರ ಪರವಾದ ನಿಲುವೇ ಹೆಚ್ಚಾಗಿ ನನಗೆ ಕಾಣುತ್ತದೆ. ಎಲ್ಲ ಊರೂ ಹಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸಂಘಗಳು ಅಷ್ಟಾಗಿ ಬೇರೂರದ ಟೆಕ್ಸಸ್‌ನಲ್ಲಿ, ಬದಲಿ ಆಟಗಾರರ ಕೊನೆಯ ವಾರದ ಡಲ್ಲಾಸ್ ಪಂದ್ಯಕ್ಕೆ 60 ಸಾವಿರ ಜನ ಸೇರಿದರು.

ಆ ವರ್ಷದ ಸರಾಸರಿ 54,300ಕ್ಕೆ ಕುಸಿಯಿತು. ನಿಜವಾದ ಆಟಗಾರರು ಇಡೀ ವರ್ಷ ಆಡಿದ 1988ರಲ್ಲಿ ಅದು 60,400. ಒಂದೇ ವರ್ಷದಲ್ಲಿ ಗ್ಯಾಲರಿ ಮೊದಲಿನಂತಾಯಿತು.

ಆಟಗಾರರಿಗೆ ಮಾತ್ರ ಆ ಮುಷ್ಕರದಲ್ಲಿ ಏನೂ ಸಿಗಲಿಲ್ಲ. ಬದಲಿ ಆಟವನ್ನೂ ಟಿವಿ ಬಿತ್ತರಿಸಿತು, ಆ ಹಣ ಮಾಲೀಕರ ಕೈಸೇರುತ್ತಲೇ ಇತ್ತು. ಗ್ಯಾಲರಿ ಖಾಲಿಯಾದರೂ ಮಾಲೀಕರ ಜೇಬು ಖಾಲಿಯಾಗಲಿಲ್ಲ. ಒಪ್ಪಂದವಿಲ್ಲದೆಯೇ ಕೆಲಸಕ್ಕೆ ಮರಳಿದ ಆಟಗಾರರು ತಮ್ಮ ಬೇಡಿಕೆಯನ್ನು ಗೆದ್ದದ್ದು ನ್ಯಾಯಾಲಯದ ಮೂಲಕ. 1993ರ ಒಪ್ಪಂದದಲ್ಲಿ ಅದು ಜಾರಿಗೆ ಬಂತು. 2011ರಲ್ಲಿ ಆಟ ನಿಲ್ಲಿಸಿದವರು ಮಾಲೀಕರೇ. ಆ ಬೀಗಮುದ್ರೆ ಮಾರ್ಚ್‌ನಿಂದ ಜುಲೈವರೆಗೆ ನಡೆದರೂ ರದ್ದಾದದ್ದು ಒಂದು ಅಭ್ಯಾಸ ಪಂದ್ಯ ಮಾತ್ರ.

ಜನ ನಿಜಕ್ಕೂ ದೂರವಾದ ಉದಾಹರಣೆಯೂ ಇದೆ, ಅದು ಬೇಸ್‌ಬಾಲ್‌ನದು. 1994ರ ಆಗಸ್ಟ್‌ನಲ್ಲಿ ಶುರುವಾದ ಮುಷ್ಕರ ಆ ವರ್ಷದ ಫೈನಲ್ ಸರಣಿಯನ್ನೇ ನುಂಗಿತು. ಸರಾಸರಿ ಪ್ರೇಕ್ಷಕರು 31 ಸಾವಿರದಿಂದ ಮರುವರ್ಷ 25 ಸಾವಿರಕ್ಕೆ ಇಳಿದರು. ಹಳೆಯ ಮಟ್ಟ ಮುಟ್ಟಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆದರೆ 2004–05ರ ಇಡೀ ಋತುವನ್ನು ಬೀಗಮುದ್ರೆಯಲ್ಲಿ ಕಳೆದುಕೊಂಡ ಐಸ್ ಹಾಕಿ ಲೀಗ್‌ಗೆ ಮರುವರ್ಷ ಹಿಂದಿಗಿಂತ ಹೆಚ್ಚು ಜನ ಬಂದರು. ಇಂಥ ಲೀಗ್‌ಗಳ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದ ಅರ್ಥಶಾಸ್ತ್ರಜ್ಞರಾದ ಮಾರ್ಟಿನ್ ಷ್ಮಿಟ್ ಮತ್ತು ಡೇವಿಡ್ ಬೆರಿ, ಹೊಡೆತ ತಾತ್ಕಾಲಿಕ, ಕಾಯಂ ಅಲ್ಲ ಎಂದು 2004ರಲ್ಲಿ ಬರೆದರು.

ಈಗ ನಮ್ಮ ಕಡೆಗೆ ಬರೋಣ. ಅಮೆರಿಕದ ಅಭಿಮಾನಿಗೆ ಎನ್‌ಎಫ್‌ಎಲ್ ನಿಂತರೆ ಆ ಮಟ್ಟದ ಆಟ ನೋಡಲು ಬೇರೆ ಕಡೆ ಇಲ್ಲ, ಕಾಯಲೇಬೇಕು. ಅಪ್ಪನ ಜೊತೆ, ಅಜ್ಜನ ಜೊತೆ ಹೋಗಿ ಬೆಳೆದ ರೂಢಿ ಅವನನ್ನು ಮತ್ತೆ ಕರೆತರುತ್ತದೆ. ಬೆಂಗಳೂರು ಎಫ್‌ಸಿ ಆಡುವ ನಮ್ಮ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಶುರುವಾದದ್ದೇ 2014ರಲ್ಲಿ. ನಮ್ಮ ಹುಡುಗರ ಮೊಬೈಲ್‌ನಲ್ಲಿ ಶನಿವಾರ ರಾತ್ರಿ ಇಂಗ್ಲೆಂಡಿನ ಲೀಗ್ ಇದೆ, ಅದರ ಜೊತೆಗೆ ಕ್ರಿಕೆಟ್ ಇದ್ದೇ ಇದೆ. ಇಲ್ಲಿ ಒಂದು ಋತು ತಪ್ಪಿದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಬೇರೇನೋ ಬಂದು ಕೂರುತ್ತದೆ. ನನ್ನ ಆತಂಕ ಇರುವುದು ಇಲ್ಲಿ.

2025ರಲ್ಲಿ ನಡೆದದ್ದು ಮುಷ್ಕರವೂ ಅಲ್ಲ. ಭಾರತೀಯ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಹಕ್ಕುಗಳ ಒಪ್ಪಂದ ಡಿಸೆಂಬರ್‌ಗೆ ಮುಗಿಯಲಿತ್ತು, ಹೊಸದು ಆಗಿರಲಿಲ್ಲ. ಜುಲೈನಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಪಗಾರವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಅದೇ ಏಪ್ರಿಲ್‌ನಲ್ಲಿ ಫೈನಲ್ ಆಡಿದ್ದ ತಂಡ ಅದು. ನಿಮ್ಮೂರಿನ ಉಕ್ಕಿನ ಕಾರ್ಖಾನೆಯ ಜೆಎಸ್‌ಡಬ್ಲ್ಯೂ ಸಮೂಹವೇ 2013ರಲ್ಲಿ ಕಟ್ಟಿದ ಕ್ಲಬ್. ಅದರ ವಸತಿ ಅಕಾಡೆಮಿ ಬೆಳೆದದ್ದೂ ಬಳ್ಳಾರಿ ಜಿಲ್ಲೆಯಲ್ಲೇ. ಆಟಗಾರರು ಒಂದು ದಿನವೂ ಆಟ ನಿಲ್ಲಿಸಿರಲಿಲ್ಲ. ಹಾಗಾಗಿ ‘ದುಡ್ಡಿನ ಆಸೆಗೆ ಆಟ ಹಾಳು ಮಾಡಿದರು’ ಎಂದು ಯಾರಾದರೂ ಅವರ ಕಡೆ ಬೆರಳು ತೋರಿಸಿದರೆ ದಯವಿಟ್ಟು ಒಪ್ಪಬೇಡಿ.

ಆಟ ನಿಂತು ಶುರುವಾದಾಗ ಪ್ರೇಕ್ಷಕರ ಮನಸ್ಸು ತಿಳಿಯಬೇಕೆಂದರೆ ಮೊದಲ ಪಂದ್ಯದ ಲೆಕ್ಕ ಸಾಲದು, ಆ ದಿನ ಕುತೂಹಲಕ್ಕೂ ಜನ ಬರುತ್ತಾರೆ. ನಾಲ್ಕನೆಯ, ಐದನೆಯ ಪಂದ್ಯಕ್ಕೆ ಕಂಠೀರವದಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಬಳ್ಳಾರಿಯವರ ಮಟ್ಟಿಗೆ ಅದು ಹೆಚ್ಚಾಗಿ ವೇಳಾಪಟ್ಟಿಯ ಮೇಲೆ ನಿಂತಿದೆ. ಹಂಪಿ ಎಕ್ಸ್‌ಪ್ರೆಸ್‌ಗೆ 60 ದಿನ ಮೊದಲೇ ಟಿಕೆಟ್ ಸಿಗುತ್ತದೆ. ಪಂದ್ಯದ ದಿನಾಂಕ ಎರಡು ವಾರದ ಮುಂಚೆ ಪ್ರಕಟವಾದರೆ, ಪಾಳಿಯ ಕೆಲಸದವರು ರಜೆ ಹೊಂದಿಸಿಕೊಳ್ಳುವಷ್ಟರಲ್ಲಿ ಸೀಟು ಮುಗಿದಿರುತ್ತದೆ. ಕ್ಲಬ್‌ಗೆ ಅಭಿಮಾನಿಗಳು ಪತ್ರ ಬರೆಯುವುದಾದರೆ ಮೊದಲು ಕೇಳಬೇಕಾದ್ದು ಇದನ್ನೇ.